ರೋಗಿಯ ತಟ್ಟೆಗೆ ಬಡಿಸುವ ಮುನ್ನ

ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಚಿಕಿತ್ಸಾಲಯವೊಂದನ್ನು ಹೇಗೆ ಸಜ್ಜುಗೊಳಿಸಬೇಕೆಂಬ ವಿವರವಿದೆ. ಅಲ್ಲಿರಬೇಕಾದ ಪರಿಚಾರಕರನ್ನು ಎಣಿಸುವಾಗ ಆಚಾರ್ಯರು ತೊವ್ವೆ ಮತ್ತು ಅನ್ನವನ್ನು ಬೇಯಿಸಬಲ್ಲವರನ್ನು ಮೊದಲು ಹೇಳುತ್ತಾರೆ. ಸ್ನಾನ ಮಾಡಿಸುವವರು, ಮೈಯೊತ್ತುವವರು, ಎತ್ತಿ ಕೂರಿಸುವವರು, ಔಷಧ ಅರೆಯುವವರು ಆಮೇಲೆ ಬರುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ಈ ಸಾಲನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಅರುವತ್ತು ದಾಟಿದ ಮೇಲೆ, ಒಂದು ಅಡುಗೆಮನೆಯಲ್ಲಿ.

ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಮಣಿಪಾಲವು ದೂರದೂರದ ರೋಗಿಗಳಿಗೆ ಆಶ್ರಯವಾಗಿ ಬೆಳೆಯಿತು. ಶಿವಮೊಗ್ಗ, ದಾವಣಗೆರೆ, ಹಾವೇರಿ ಸೀಮೆಗಳಿಂದ ಘಟ್ಟವಿಳಿದು ಬರುವವರಲ್ಲಿ ನಮ್ಮ ಮಠಗಳ ಭಕ್ತರೂ ಇದ್ದಾರೆ. ಚಿಕಿತ್ಸೆ ವಾರಗಟ್ಟಲೆ ನಡೆದರೆ ಕೈಯಲ್ಲಿದ್ದ ಹಣ ಕರಗುತ್ತದೆ. ಆಗ ಮೊದಲು ಕಡಿತವಾಗುವುದು ಊಟ. ಇಂಥವರಿಗಾಗಿ ಉಡುಪಿಯಲ್ಲಿ ಕೆಲವು ಮನೆಗಳವರು ಕೂಡಿ ಮಧ್ಯಾಹ್ನದ ಅಡುಗೆ ಮಾಡಿ ಒಯ್ಯುತ್ತಾರೆ. ಕಾಪುವಿನಿಂದ ಇಬ್ಬರು ತಾಯಂದಿರು ಬೆಳಗಿನ ಬಸ್ಸಿಗೆ ಬಂದು ತರಕಾರಿ ಹೆಚ್ಚುತ್ತಾರೆ. ಕಾರ್ಕಳದ ರೈತರೊಬ್ಬರು ಸುಗ್ಗಿಯಲ್ಲಿ ಕಜೆ ಅಕ್ಕಿ ಕಳಿಸುತ್ತಾರೆ. ವಾರಕ್ಕೆರಡು ದಿನ ನಾನೂ ಅಲ್ಲಿರುತ್ತೇನೆ.

ಮೊದಲ ತಿಂಗಳಲ್ಲಿ ನಾನು ಮಾಡಿದ ತಪ್ಪನ್ನು ಭಕ್ತರೆದುರು ಹೇಳಲೇಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಹಳ ಬಳಲಿದ್ದರು. ಬಿಸಿಲಿನ ದಿನ, ಅವರಿಗೆ ತಂಪಾಗಲೆಂದು ಎಳನೀರು ಕೊಂಡು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಲೋಟ ಅವರ ತುಟಿಗೆ ತಾಗುವ ಹೊತ್ತಿಗೆ ದಾದಿಯೊಬ್ಬರು ಓಡಿಬಂದು ತಡೆದರು. ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕ. ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ನನಗೆ ಇದು ತಿಳಿಯದ ವಿಷಯವಲ್ಲ. ಆದರೆ ಕೊಡುವ ಉತ್ಸಾಹದಲ್ಲಿ ಕೇಳಬೇಕಾದ ಒಂದು ಮಾತನ್ನು ಕೇಳಿರಲಿಲ್ಲ. ಆ ಹಿರಿಯರು ನನ್ನ ಮುಖ ನೋಡಿ, "ಇರಲಿ ಬುದ್ಧಿ, ನೀವು ಪ್ರೀತಿಯಿಂದ ಕೊಟ್ಟಿರಿ" ಎಂದು ನನ್ನನ್ನೇ ಸಮಾಧಾನಪಡಿಸಿದರು. ಅಂದು ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ನನಗೆ ಸ್ಪಷ್ಟವಾದದ್ದು ಆಗ. ದಾನದಲ್ಲಿ ಕೊಡುವವನ ಇಷ್ಟ ಮುಂದಿರಬಹುದು. ದಾಸೋಹದಲ್ಲಿ ಕೊಡುವವನೇ ದಾಸ. ಉಣ್ಣುವವರ ಅಗತ್ಯವೇ ಅವನಿಗೆ ಆಜ್ಞೆ. ಹುಟ್ಟುಹಬ್ಬವೆಂದು ಹೋಳಿಗೆ, ಪಾಯಸ ಕಳಿಸುವವರ ಮನಸ್ಸು ದೊಡ್ಡದು. ಆದರೆ ಮಧುಮೇಹಿಯ ತಟ್ಟೆಯಲ್ಲಿ ಅದು ಪ್ರಸಾದವಾಗದು. ಈಗ ನಮ್ಮ ಅಡುಗೆಮನೆಯಲ್ಲಿ ಆಸ್ಪತ್ರೆಯ ಆಹಾರತಜ್ಞರು ಬರೆದುಕೊಟ್ಟ ಚೀಟಿಯಿಲ್ಲದೆ ಯಾವ ರೋಗಿಗೂ ಬುತ್ತಿ ಕಟ್ಟುವುದಿಲ್ಲ. ಆಯುರ್ವೇದದ ಪಥ್ಯವನ್ನು ಹೇಳಬೇಕೆನಿಸಿದರೂ ಆ ಚೀಟಿಗೆ ವಿರುದ್ಧವಾಗಿ ನಾನು ಹೇಳುವುದಿಲ್ಲ.

ಇನ್ನೊಂದು ಪಾಠ ಕಲಿಸಿದ್ದು ರೊಟ್ಟಿ. ರಾಣೆಬೆನ್ನೂರು ಕಡೆಯ ರೋಗಿಯೊಬ್ಬರು ನಾವು ಒಯ್ದ ಕುಚ್ಚಲಕ್ಕಿ ಅನ್ನವನ್ನು ದಿನವೂ ಅರ್ಧಕ್ಕೇ ಬಿಡುತ್ತಿದ್ದರು. ರೋಗದಿಂದ ಹಸಿವಿಲ್ಲವೆಂದು ನಾವು ಭಾವಿಸಿದೆವು. ಮಣಿಪಾಲದಲ್ಲಿ ನೆಲೆಸಿರುವ ಧಾರವಾಡದ ತಾಯಿಯೊಬ್ಬರು ವೈದ್ಯರ ಒಪ್ಪಿಗೆ ಪಡೆದು ಜೋಳದ ನುಚ್ಚಿನ ಗಂಜಿ ಮಾಡಿ ತಂದರು. ಅವರು ಬಟ್ಟಲು ಬರಿದು ಮಾಡಿದರು. ಬಹುಕಾಲದ ಅಭ್ಯಾಸದಿಂದ ದೇಹಕ್ಕೆ ಒಗ್ಗಿದ ಆಹಾರವನ್ನು ಆಯುರ್ವೇದವು ಸಾತ್ಮ್ಯವೆನ್ನುತ್ತದೆ. ಕರಾವಳಿಯವರಿಗೆ ಕುಚ್ಚಲಕ್ಕಿ ಸಾತ್ಮ್ಯ, ಬಯಲುಸೀಮೆಯವರಿಗೆ ಜೋಳ. ಕಾಯಿಲೆಯಲ್ಲಿ ಮನುಷ್ಯ ತನ್ನೂರಿನ ರುಚಿಯನ್ನೇ ಹುಡುಕುತ್ತಾನೆ.

ಸೇವೆಗೆ ಬರಬಯಸುವವರಿಗೂ ಮನೆಯಲ್ಲಿ ರೋಗಿಯಿರುವವರಿಗೂ ಕೆಲವು ಸೂಚನೆಗಳು:

ಲಂಘನದ ನಂತರ ಅಥವಾ ಜ್ವರ ಇಳಿದ ಮೇಲೆ ಒಮ್ಮೆಗೇ ಗಟ್ಟಿ ಊಟ ಸಲ್ಲದು. ಶಾಸ್ತ್ರದ ಪ್ರಕಾರ ಮೊದಲು ಪೇಯಾ, ಆಮೇಲೆ ವಿಲೇಪಿ, ಅನಂತರ ಹೆಸರಿನ ಕಟ್ಟು. ಅಕ್ಕಿಯ 14 ಪಾಲು ನೀರಿನಲ್ಲಿ ಬೇಯಿಸಿದ ತೆಳುಗಂಜಿ ಪೇಯಾ. 4 ಪಾಲು ನೀರಿನಲ್ಲಿ ಬೆಂದದ್ದು ವಿಲೇಪಿ. ಒಲೆಯ ಕೆಂಡವನ್ನು ಮೊದಲು ಹುಲ್ಲಿನಿಂದ, ಆಮೇಲೆ ಸೌದೆಯಿಂದ ಎಬ್ಬಿಸುವಂತೆ ಜಠರಾಗ್ನಿಯನ್ನೂ ಎಬ್ಬಿಸಬೇಕು.

ಕುಚ್ಚಲಕ್ಕಿಯ ಗಂಜಿಯನ್ನು ಬಡವರ ಊಟವೆಂದು ಕಡೆಗಣಿಸಬೇಡಿ. ಭತ್ತವನ್ನು ಕುದಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವಗಳ ಒಂದಂಶ ಕಾಳಿನೊಳಕ್ಕೆ ಇಳಿಯುತ್ತದೆ. ಆದರೆ ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳಗಳ ವಿಷಯದಲ್ಲಿ ಎಚ್ಚರವಿರಲಿ. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡ, ಹೃದ್ರೋಗವಿರುವವರಿಗೆ ಇವು ಸಲ್ಲವು.

ಅನ್ನವನ್ನು ಬಿಸಿಯಾಗಿಯೇ ತಲುಪಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟ ಅನ್ನ ರೋಗಿಗೆ ಬೇಡ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳ ಬೀಜಗಳು ಆರಿದ ಅನ್ನದಲ್ಲಿ ಮತ್ತೆ ಬೆಳೆಯುತ್ತವೆ. ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೆ ಹಸಿ ಕೋಸಂಬರಿಯನ್ನೂ ಕೊಡಬಾರದು. ಶೀತ, ಭೇದಿ ಅಥವಾ ಕೈಯಲ್ಲಿ ಗಾಯವಿರುವ ಸೇವಕರು ಅಂದು ಅಡುಗೆಮನೆಗೆ ಬರದಿರುವುದೇ ಸೇವೆ. ಅಡುಗೆಮನೆಗೆ ಗಾಳಿಕಿಟಕಿಗಳಿರಬೇಕು, ಅವಕ್ಕೆ ಜಾಲರಿಯಿರಬೇಕು, ಪಾತ್ರೆಗಳು ಶುಚಿಯಾಗಿರಬೇಕು ಎಂದು ಸುಶ್ರುತರೇ ವಿಧಿಸಿದ್ದಾರೆ.

ಕೊನೆಯದಾಗಿ, ರೋಗಿಯ ಪಕ್ಕದಲ್ಲಿ ಕುಳಿತವರನ್ನು ಮರೆಯಬೇಡಿ. "ನಂದು ಆಗೇತ್ರೀ ಊಟ" ಎಂದು ಒಬ್ಬ ತಾಯಿ ಮೂರು ದಿನ ಹೇಳಿದರು. ನಾಲ್ಕನೆಯ ದಿನ ಗಂಡ ಉಂಡು ಬಿಟ್ಟ ಬಟ್ಟಲನ್ನು ಅವರು ಬೆರಳಿನಿಂದ ಬಳಿದು ತಿನ್ನುವುದನ್ನು ಕಂಡೆ. ಅಂದಿನಿಂದ ನಾವು ಬುತ್ತಿಯನ್ನು ಎರಡೆರಡಾಗಿ ಕಟ್ಟುತ್ತೇವೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಾರರಿಗಾಗಿಯೇ ರಾತ್ರಿಯೂಟ ನೀಡುವ ಸೇವೆ ನಡೆದಿರುವುದು ಇದೇ ಅರಿವಿನಿಂದ.

ಉಡುಪಿಯ ಪರ್ಯಾಯಕ್ಕೆ ಬಹು ಮೊದಲೇ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ನಡೆಯುತ್ತವೆ. ಮುಂದೆ ಬರಲಿರುವ ಉಣ್ಣುವವರಿಗಾಗಿ ಅಷ್ಟು ದಿನಗಳ ಸಿದ್ಧತೆ. ರೋಗಿಯ ಊಟಕ್ಕೆ ಅಂಥ ಸಿದ್ಧತೆ ಬೇಕಿಲ್ಲ. ಬಡಿಸುವ ಮುನ್ನ ಒಂದು ಕ್ಷಣ ಸೌಟನ್ನು ತಡೆದು, "ನಿಮಗೆ ಯಾವುದು ಬೇಡವೆಂದಿದ್ದಾರೆ? ನಿಮ್ಮೂರಲ್ಲಿ ಏನು ಉಣ್ಣುತ್ತಿದ್ದಿರಿ?" ಎಂದು ಕೇಳಿದರೆ ಸಾಕು. ವಾರಕ್ಕೊಂದು ಹೊತ್ತನ್ನು ಈ ಕಾಯಕಕ್ಕೆ ಕೊಡಬಲ್ಲ ಸದ್ಭಕ್ತರು ತಮ್ಮ ಊರಿನ ಆಸ್ಪತ್ರೆಯ ಬಾಗಿಲಿಗೆ ಒಮ್ಮೆ ಹೋಗಿ ನಿಂತು ನೋಡಿರಿ. ಅಲ್ಲಿ ನಿಮಗಾಗಿ ಕಾದಿರುವವರು ಇದ್ದೇ ಇರುತ್ತಾರೆ.