ಜನವರಿಯ ಹೂವಿಗೆ ಚಿತ್ತಾ ಮಳೆಯ ಬೀಜ

ಪೆಟೂನಿಯಾ ಬೀಜವನ್ನು ತಕ್ಕಡಿಯಲ್ಲಿಟ್ಟು ಒಂದು ಗ್ರಾಂ ತೂಗಿದರೆ ಅದರಲ್ಲಿ ಹೆಚ್ಚುಕಡಿಮೆ ಹತ್ತು ಸಾವಿರ ಬೀಜ ಇರುತ್ತವೆ. ಉಗುರಿನ ಸಂದಿಗೆ ಸೇರಿದರೆ ಕಣ್ಣಿಗೆ ಬೀಳುವುದಿಲ್ಲ, ಬಿತ್ತುವಾಗ ಸೀನಿದರೆ ಮತ್ತೆ ಕೈಗೆ ಸಿಗುವುದಿಲ್ಲ. ಜನವರಿ ಕೊನೆಯ ವಾರದಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಆಸುಪಾಸಿನಲ್ಲಿ ನೇರಳೆ, ಬಿಳಿ, ಕಡುಗೆಂಪು ಹೂ ತುಂಬಿದ ಕುಂಡಗಳ ಸಾಲಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಆ ಬೀಜ ಮಣ್ಣಿಗೆ ಬಿದ್ದ ದಿನದ ಲೆಕ್ಕ ಗೊತ್ತಿರುವುದಿಲ್ಲ. ತೋಟದ ಮಾಲಿಗಳಿಗೆ ಗೊತ್ತಿರುತ್ತದೆ. ಫಲಪುಷ್ಪ ಪ್ರದರ್ಶನದ ನಿಜವಾದ ವಿದ್ಯೆ ಅಡಗಿರುವುದೇ ಆ ಲೆಕ್ಕದಲ್ಲಿ.

ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಪ್ರದರ್ಶನ. ಒಂದು ಗಣರಾಜ್ಯೋತ್ಸವಕ್ಕೆ, ಇನ್ನೊಂದು ಸ್ವಾತಂತ್ರ್ಯ ದಿನಾಚರಣೆಗೆ. ಮದುವೆಯ ಮುಹೂರ್ತವಾದರೆ ಆಚೀಚೆ ಮಾಡಬಹುದು, ಜನವರಿ 26 ಮತ್ತು ಆಗಸ್ಟ್ 15 ಮಾತ್ರ ಅಲುಗಾಡುವ ತಾರೀಖುಗಳಲ್ಲ. ಹಾಗಾಗಿ ಮಾಲಿ ಹಿಂದಕ್ಕೆ ಎಣಿಸುತ್ತಾನೆ. ಪೆಟೂನಿಯಾ ಬಿತ್ತಿದ ಹನ್ನೆರಡರಿಂದ ಹದಿನಾಲ್ಕು ವಾರಕ್ಕೆ ಮೈತುಂಬ ಹೂ ಬಿಡುತ್ತದೆ. ಜೀನಿಯಕ್ಕೆ ಆರೇಳು ವಾರ ಸಾಕು. ದಪ್ಪ ಚೆಂಡುಹೂವಿಗೆ ಎರಡು ತಿಂಗಳಿಗೂ ಮೇಲೆ ಬೇಕು. ಸಿನರೇರಿಯ ನಾಲ್ಕು ತಿಂಗಳಿಗೂ ಬಗ್ಗದ ಹಟಮಾರಿ, ಅದನ್ನು ಆಗಸ್ಟ್ ಪ್ರದರ್ಶನದ ಗಲಾಟೆ ಮುಗಿದ ಬೆನ್ನಿಗೇ ಬಿತ್ತಬೇಕು. ಎಲ್ಲವೂ ಒಂದೇ ವಾರದಲ್ಲಿ ಅರಳಿ ನಿಲ್ಲಬೇಕಾದರೆ ಒಂದೊಂದನ್ನೂ ಬೇರೆ ಬೇರೆ ದಿನ ಬಿತ್ತಬೇಕು. ಗಾಜಿನ ಮನೆಯಲ್ಲಿ ಅಕ್ಕಪಕ್ಕ ಒಟ್ಟಿಗೆ ಅರಳಿರುವ ಹತ್ತು ಬಗೆಯ ಗಿಡಗಳು ಹತ್ತು ಬೇರೆ ತಾರೀಖುಗಳಲ್ಲಿ ಹುಟ್ಟಿದವು.

ಜನವರಿ 26ರಿಂದ ಹದಿನಾಲ್ಕು ವಾರ ಹಿಂದಕ್ಕೆ ಹೋದರೆ ಅಕ್ಟೋಬರ್ 20. ರೈತರ ಮಾತಿನಲ್ಲಿ ಹೇಳುವುದಾದರೆ ಚಿತ್ತಾ ಮಳೆಯ ಕಾಲ. ಇಲ್ಲೇ ತೊಡಕು ಇರುವುದು. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಚಳಿಗಾಲದ ಹೂಗಳ ಬೀಜ ಬಿತ್ತಬೇಕಾದದ್ದೂ ಆಗಲೇ. ಹಸ್ತ, ಚಿತ್ತಾ ಎರಡೂ ಜೋರಾಗಿ ಹೊಡೆದ ವರ್ಷ ಬಯಲಲ್ಲಿ ಮಾಡಿದ ಸಸಿಮಡಿ ಒಂದು ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. ಉಳಿದದ್ದು ಬುಡ ಕೊಳೆತು ಮಲಗುತ್ತದೆ. ಆದ್ದರಿಂದ ನೆರಳುಮನೆಯೊಳಗೆ, ಅಗಲ ಬಾಯಿಯ ಮಣ್ಣಿನ ತಟ್ಟೆಗಳಲ್ಲಿ ಬಿತ್ತುವುದು ಹಳೆಯ ಪದ್ಧತಿ. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ಕಿನ ಪ್ರೋಟ್ರೇಗಳೂ ತೆಂಗಿನ ನಾರಿನ ಪುಡಿಯೂ ಬಂದಿವೆ.

ಬಿತ್ತುವ ಕೆಲಸ ನೋಡಲು ಸರಳ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಸಮಸಮ ಬೆರೆಸಿ ಸಣ್ಣ ಜರಡಿ ಹಿಡಿಯಬೇಕು. ಪೆಟೂನಿಯಾದಂಥ ಬೀಜವನ್ನು ಒಂದು ಹಿಡಿ ಒಣ ಮರಳಿನಲ್ಲಿ ಕಲಸಿ ಉದುರಿಸಬೇಕು, ಇಲ್ಲವಾದರೆ ಇಡೀ ಪೊಟ್ಟಣ ಒಂದೇ ಕಡೆ ಬೀಳುತ್ತದೆ. ಅದಕ್ಕೆ ಮೊಳೆಯಲು ಬೆಳಕು ಬೇಕು, ಆದ್ದರಿಂದ ಮೇಲೆ ಮಣ್ಣು ಮುಚ್ಚುವ ಹಾಗಿಲ್ಲ. ಚೆಂಡುಹೂ, ಜೀನಿಯ, ಆಸ್ಟರ್ ಬೀಜಗಳಿಗೆ ತೆಳುವಾದ ಹೊದಿಕೆ ಬೇಕು. ಮೇಲಿನಿಂದ ನೀರು ಸುರಿದರೆ ಬೀಜ ತೇಲಿಹೋಗುತ್ತದೆ. ಹಳೆಯ ಮಾಲಿಗಳು ತಟ್ಟೆಯನ್ನೇ ನೀರಿನ ತೊಟ್ಟಿಯೊಳಗೆ ಅರ್ಧ ಮುಳುಗುವಂತೆ ಇಟ್ಟು, ತಳದ ತೂತಿನಿಂದ ನೀರು ಏರಿ ಮೇಲ್ಮಣ್ಣು ಕಪ್ಪಾಗುವವರೆಗೆ ಕಾಯುತ್ತಿದ್ದರು. ಪ್ರೋಟ್ರೇಯ ಕಾಲದಲ್ಲೂ ಇದಕ್ಕಿಂತ ಒಳ್ಳೆಯ ಉಪಾಯ ಬಂದಿಲ್ಲ.

ಮೊಳೆತ ಮೇಲೆ ಶುರುವಾಗುವುದು ತಾಳ್ಮೆಯ ಕೆಲಸ. ನಾಲ್ಕೆಲೆ ಆದಾಗ ಒಂದೊಂದೇ ಸಸಿಯನ್ನು ಎಲೆ ಹಿಡಿದು ಎತ್ತಿ ಬೇರೆ ಕಡೆ ನೆಡಬೇಕು. ಕಾಂಡ ಹಿಡಿದರೆ ಜಜ್ಜಿಹೋಗುತ್ತದೆ. ಅಲ್ಲಿ ಚೇತರಿಸಿಕೊಂಡ ಮೇಲೆ ಕುಂಡಕ್ಕೆ ಬದಲಿಸಬೇಕು. ಗೇಣುದ್ದ ಬೆಳೆಯುವ ಮೊದಲೇ ಕುಡಿ ಚಿವುಟಬೇಕು. ಮನೆಯಲ್ಲಿ ಗಿಡ ಬೆಳೆಸುವ ನಮ್ಮಂಥವರಿಗೆ ಮನಸ್ಸು ಬಾರದೇ ಇರುವುದು ಈ ಚಿವುಟುವ ಹಂತದಲ್ಲಿ. ಮೊದಲ ಮೊಗ್ಗು ಕಂಡ ಸಂತೋಷಕ್ಕೆ ಹಾಗೇ ಬಿಡುತ್ತೇವೆ. ಗಿಡ ಒಂದೇ ಕಡ್ಡಿಯಾಗಿ ಮೇಲೇರಿ ತುದಿಯಲ್ಲೊಂದು ಹೂ ತೋರಿಸಿ ಸುಸ್ತಾಗುತ್ತದೆ. ಮಾಲಿಗೆ ಆ ಮೊಹಬ್ಬತ್ತು ಇಲ್ಲ. ಬೇಗ ಬಂದ ಮೊಗ್ಗನ್ನು ಮುಲಾಜಿಲ್ಲದೆ ಕಿತ್ತು ಹಾಕಿ ಹೂವಿನ ಹೊತ್ತನ್ನು ಎರಡು ವಾರ ಮುಂದೂಡುವುದೂ, ಅದೇ ಏಟಿಗೆ ಹತ್ತು ಕವಲು ಒಡೆಸುವುದೂ ಅವನ ಕೈಯಲ್ಲಿದೆ.

ಸೇವಂತಿಗೆಯ ಲೆಕ್ಕ ಇನ್ನೊಂದು ಬಗೆಯದು. ಅದು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ನಮ್ಮ ಕಡೆ ಬೇಸಿಗೆಯ ಮತ್ತು ಚಳಿಗಾಲದ ಹಗಲುಗಳ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ, ಆದರೂ ಗಿಡಕ್ಕೆ ಅದು ಗೊತ್ತಾಗುತ್ತದೆ. ಹೊಸಕೋಟೆ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಹೊಲದ ತುಂಬ ಬಲ್ಬು ಉರಿಯುವುದನ್ನು ಬಸ್ಸಿನಿಂದ ನೋಡಿದವರಿಗೆ ಏನೋ ಜಾತ್ರೆ ಅನಿಸೀತು. ಗಿಡಕ್ಕೆ ಇನ್ನೂ ಹಗಲೇ ಇದೆ ಎಂದು ನಂಬಿಸಿ, ಬೇಡಿಕೆಯ ಕಾಲಕ್ಕೆ ಹೂ ಬರುವ ಹಾಗೆ ತಡೆಹಿಡಿಯುವ ಉಪಾಯ ಅದು.

ಬಿತ್ತನೆಯ ಕಾಲದ ಈ ಲೆಕ್ಕಾಚಾರವನ್ನು ಒಂದು ಸಂಸ್ಥೆಯಾಗಿ ಕಟ್ಟಿದವರ ಕತೆ ಲಾಲ್‌ಬಾಗಿನದೇ ಕತೆ. ಹೈದರಾಲಿ 1760ರಲ್ಲಿ ಶುರುಮಾಡಿ ಟಿಪ್ಪು ಬೆಳೆಸಿದ ತೋಟ ಬ್ರಿಟಿಷರ ಕಾಲದಲ್ಲಿ ಸಸ್ಯಶಾಸ್ತ್ರದ ತೋಟವಾಯಿತು. 1874ರಲ್ಲಿ ತೋಟದ ಮೇಲ್ವಿಚಾರಕನಾಗಿ ಬಂದ ಜಾನ್ ಕ್ಯಾಮರಾನ್ ಮೂರು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದ. ಇಂದು ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದ ಕೀರ್ತಿ ಅವನದು. ಫಲಪುಷ್ಪ ಪ್ರದರ್ಶನಕ್ಕೆ ಸೂರು ಬೇಕೆಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಮಾದರಿಯಲ್ಲಿ ಗಾಜಿನ ಮನೆಯ ಯೋಜನೆ ಹಾಕಿದವನೂ ಅವನೇ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟ.

ಕ್ಯಾಮರಾನ್ ನಿವೃತ್ತನಾದ ಮೇಲೆ ಬಂದವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಡ್ರೆಸ್ಡೆನ್ ಹತ್ತಿರ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡದ ಮಹಾರಾಜರ ತೋಟಗಳನ್ನು ನೋಡಿಕೊಂಡಿದ್ದು, 1908ರಲ್ಲಿ ಬೆಂಗಳೂರಿಗೆ ಬಂದವರು ಇಲ್ಲಿಯವರೇ ಆಗಿಹೋದರು. 1956ರಲ್ಲಿ ತೀರಿಕೊಂಡದ್ದೂ ಇಲ್ಲೇ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಸಾಲುಮರ ಯೋಜಿಸಿದ್ದು ಅವರ ಹೆಸರನ್ನು ಉಳಿಸಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಮುಂದಾಳತ್ವದಲ್ಲಿ 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ. ಅರಮನೆಯ ಮತ್ತು ದೊರೆಗಳ ಬಂಗಲೆಯ ವಿದ್ಯೆಯಾಗಿದ್ದ ಹೂತೋಟವನ್ನು ಊರಿನ ಜನರ ಅಂಗಳಕ್ಕೆ ತಲುಪಿಸಿದ ಸಂಘ ಇದು. ತೋಟಗಾರಿಕೆ ಇಲಾಖೆಯ ಜೊತೆ ಸೇರಿ ಇಂದಿಗೂ ಪ್ರದರ್ಶನ ನಡೆಸುತ್ತಿದೆ. ಕ್ರುಂಬಿಗಲ್ ನಂತರ ಎಚ್.ಸಿ. ಜವರಾಯ, ಆಮೇಲೆ ಡಾ. ಎಂ.ಎಚ್. ಮರಿಗೌಡ ಇದನ್ನು ಮುಂದುವರಿಸಿದರು. ರಾಜ್ಯದ ತಾಲ್ಲೂಕು ತಾಲ್ಲೂಕಿಗೂ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು ಬಂದದ್ದು ಮರಿಗೌಡರ ದೆಸೆಯಿಂದ.

ಪ್ರದರ್ಶನ ಎಂದರೆ ಮೊದಲಿಗೆ ಸ್ಪರ್ಧೆ. ಇದು ಈಗ ಹಲವರಿಗೆ ಮರೆತೇಹೋಗಿದೆ. ಮನೆಯ ಕೈತೋಟ, ತಾರಸಿ ತೋಟ, ತರಕಾರಿ ತೋಟ, ಕಾರ್ಖಾನೆ ಮತ್ತು ಕಚೇರಿಗಳ ಉದ್ಯಾನ ಎಂದು ವಿಭಾಗಗಳಿವೆ. ಪ್ರದರ್ಶನಕ್ಕೆ ಮುಂಚೆಯೇ ತೀರ್ಪುಗಾರರು ಮನೆಮನೆಗೆ, ಕಾರ್ಖಾನೆ ಕಾರ್ಖಾನೆಗೆ ಹೋಗಿ ಅಂಕ ಹಾಕುತ್ತಾರೆ. ಬೋನ್ಸಾಯ್, ಇಕೆಬಾನ, ತರಕಾರಿ ಕೆತ್ತನೆಗಳಿಗೂ ಸ್ಪರ್ಧೆ ಇದೆ. ಸಾರ್ವಜನಿಕ ವಲಯದ ಕಾರ್ಖಾನೆಗಳು ಮೆರೆದಾಡುತ್ತಿದ್ದ ಕಾಲದಲ್ಲಿ ಅವುಗಳ ತೋಟಗಾರರ ನಡುವಿನ ಪೈಪೋಟಿ ಫುಟ್‌ಬಾಲ್ ಪಂದ್ಯಕ್ಕೆ ಕಡಿಮೆ ಇರಲಿಲ್ಲ.

ಈಗ ಜನ ನುಗ್ಗುವುದು ಗಾಜಿನ ಮನೆಯ ನಡುವೆ ಎದ್ದುನಿಲ್ಲುವ ಪ್ರತಿಕೃತಿ ನೋಡಲು. ಕೋವಿಡ್‌ನಿಂದ ನಿಂತಿದ್ದ ಪ್ರದರ್ಶನ 2022ರ ಆಗಸ್ಟಿನಲ್ಲಿ ಮತ್ತೆ ಶುರುವಾದಾಗ ಡಾ. ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ ಗಾಜನೂರಿನ ಮನೆ ಹೂವಿನಲ್ಲಿ ಎದ್ದಿತ್ತು. 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯ ಮತ್ತು ವಿಧಾನಸೌಧ, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, ಅದೇ ವರ್ಷದ ಆಗಸ್ಟಿನಲ್ಲಿ ಅಂಬೇಡ್ಕರ್. ಲಕ್ಷಗಟ್ಟಲೆ ಗುಲಾಬಿ, ಸೇವಂತಿಗೆಗಳನ್ನು ಚೌಕಟ್ಟಿಗೆ ಚುಚ್ಚಿ ಮಾಡುವ ಈ ಕೆಲಸಕ್ಕೆ ಶ್ರಮ ಇದೆ, ಜನ ಬರುವುದೂ ಅದಕ್ಕೇ, ಟಿಕೆಟ್ ಹಣವೂ ಅದರಿಂದಲೇ. ಆದರೆ ಅದು ಅಲಂಕಾರದ ಕಲೆ, ಬೆಳೆಸುವ ಕಲೆ ಅಲ್ಲ. ಕತ್ತರಿಸಿ ತಂದ ಹೂ ಕೆಲವೇ ದಿನಕ್ಕೆ ಬಾಡುತ್ತದೆ, ನಡುವೆ ಬದಲಿಸಬೇಕಾಗುತ್ತದೆ. ಮೂರು ತಿಂಗಳು ಕಾದು ಬೆಳೆಸಿದ ಕುಂಡಗಳು ಅದರ ಅಂಚಿಗೆ ಬೇಲಿಯಾಗಿ ನಿಂತಿರುವುದನ್ನು ಕಂಡಾಗ ನನಗೆ ಸ್ವಲ್ಪ ಸಂಕಟವೇ ಆಗುತ್ತದೆ.

ಆಗಸ್ಟಿನ ಪ್ರದರ್ಶನಕ್ಕೆ ಜನವರಿಯ ಹೊಳಪು ಇರುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಮಳೆಗಾಲದ ತೇವಕ್ಕೆ ಪೆಟೂನಿಯಾದ ಎಸಳು ಅಂಟಿಕೊಂಡು ಕೊಳೆಯುತ್ತದೆ, ನಿಜ. ಮಳೆಗಾಲದ ಹೂಗಳೇ ಬೇರೆ: ಕರ್ಣಕುಂಡಲ, ಕೋಳಿಜುಟ್ಟು, ಜೀನಿಯ, ಚೆಂಡುಹೂ, ಟೊರೇನಿಯ. ಇವುಗಳಿಗೆ ರೋಹಿಣಿ, ಮೃಗಶಿರ ಮಳೆಗಳ ಹೊತ್ತಿನಲ್ಲಿ ಬಿತ್ತನೆ. ಮನೆಯಲ್ಲಿ ಹೊಸದಾಗಿ ಶುರುಮಾಡುವವರಿಗೆ ಇವುಗಳಲ್ಲಿ ಕರ್ಣಕುಂಡಲ, ಜೀನಿಯ, ಚೆಂಡುಹೂಗಳೇ ಒಳ್ಳೆಯ ಗುರುಗಳು. ಬೀಜ ದಪ್ಪ, ಕೈಗೆ ಸಿಗುತ್ತದೆ, ವಾರದೊಳಗೆ ಮೊಳೆಯುತ್ತದೆ.

ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದ ಮಾಲಿಗಳ ಪಾಡು ಬೆಂಗಳೂರಿನವರದಕ್ಕಿಂತ ಕಷ್ಟ. ದಸರೆ ಪಂಚಾಂಗದ ಹಬ್ಬ, ಒಂದು ವರ್ಷ ಸೆಪ್ಟೆಂಬರ್ ಕೊನೆಗೆ ಶುರುವಾದರೆ ಇನ್ನೊಂದು ವರ್ಷ ಅಕ್ಟೋಬರ್ ನಡುವಿಗೆ ಜಾರುತ್ತದೆ. ಹೋದ ವರ್ಷದ ಬಿತ್ತನೆಯ ತಾರೀಖು ಈ ವರ್ಷ ಉಪಯೋಗಕ್ಕೆ ಬರುವುದಿಲ್ಲ. ಅಧಿಕ ಮಾಸ ಬಂದರಂತೂ ಲೆಕ್ಕವೆಲ್ಲ ಹೊಸದು.

ಇನ್ನು ಮಲೆನಾಡಿನ ಪ್ರದರ್ಶನಕ್ಕೆ ಗಾಜಿನ ಮನೆಯೂ ಬೇಡ, ಟಿಕೆಟ್ಟೂ ಬೇಡ. ಸಾಗರ, ಶಿರಸಿ, ಸಿದ್ದಾಪುರದ ಕಡೆ ಮನೆಯಂಗಳದಲ್ಲಿ ಡೇರೆ ಹೂ ಅರಳುವ ಕಾಲಕ್ಕೆ ಹೆಂಗಸರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವುದೇ ಹೂ ನೋಡಲು. ಮುಂಗಾರು ಹಿಡಿಯುತ್ತಲೇ ಗಡ್ಡೆ ನೆಟ್ಟು, ಅಡಿಕೆ ದಬ್ಬೆಯ ಆಸರೆ ಕೊಟ್ಟು, ಶ್ರಾವಣದಿಂದಾಚೆಗೆ ತಟ್ಟೆಯಗಲದ ಹೂ ತೆಗೆಯುತ್ತಾರೆ. ಬಣ್ಣ ಮೆಚ್ಚಿದರೆ ‘ಗಡ್ಡೆ ಕಿತ್ತಾಗ ನನಗೊಂದು ಇಡೇ’ ಎಂದು ಮಾತು ತೆಗೆದುಕೊಂಡೇ ಹೊರಡುವುದು. ಅಂಗಡಿಯ ಮುಖ ಕಾಣದೆ ಎಷ್ಟೋ ತಳಿಗಳು ಹೀಗೆ ಊರಿಂದೂರಿಗೆ, ತವರಿನಿಂದ ಗಂಡನ ಮನೆಗೆ ದಾಟಿವೆ.

ಬೀಜದ ವಿಷಯಕ್ಕೆ ಬಂದರೆ, ಲಾಲ್‌ಬಾಗಿಗೆ ಹೋದವರು ನರ್ಸರಿ ಮಳಿಗೆಗಳಲ್ಲಿ ಅರಳಿ ನಿಂತ ಗಿಡ ಕೊಂಡು ಬರುತ್ತಾರೆ. ಮನೆ ತಲುಪಿ ಹದಿನೈದು ದಿನಕ್ಕೆ ಅದರ ಆಯುಸ್ಸು ಮುಗಿದಿರುತ್ತದೆ. ಋತುವಿನ ಹೂಗಿಡ ಒಮ್ಮೆ ಪೂರ್ತಿ ಅರಳಿದ ಮೇಲೆ ಉಳಿಯುವುದೇ ಸ್ವಲ್ಪ ದಿನ, ಅದಕ್ಕೆ ನರ್ಸರಿಯವರನ್ನು ಬೈದು ಫಲವಿಲ್ಲ. ಅದರ ಬದಲು ಬೀಜ ಕೊಳ್ಳಿ. ಪೊಟ್ಟಣದ ಹಿಂದೆ ಮೊಳಕೆ ಪರೀಕ್ಷೆಯ ದಿನಾಂಕ ಮತ್ತು ಬಳಸಬೇಕಾದ ಅವಧಿ ಅಚ್ಚಾಗಿರುತ್ತದೆ, ಮೊದಲು ಅದನ್ನು ಓದಿ. ಸಂಕರ ತಳಿಯಾದರೆ ಅದರಿಂದ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಅದೇ ಹೂ ಬರುವುದಿಲ್ಲ. ದೇಶದಲ್ಲಿ ಹೂವು ಮತ್ತು ತರಕಾರಿಗಳ ಸಂಕರ ಬೀಜೋದ್ಯಮ ಬೇರೂರಿದ್ದೂ ನಮ್ಮ ಬೆಂಗಳೂರಿನಲ್ಲೇ. 1965ರಲ್ಲಿ ಮನಮೋಹನ ಅತ್ತಾವರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರುಮಾಡಿದರು, 1973ರಲ್ಲಿ ಅವರ ಕಂಪನಿ ಹೊರತಂದ ಸಂಕರ ಟೊಮೆಟೊದ ಹೆಸರೇ ‘ಕರ್ನಾಟಕ’. ಬೀಜ ಎತ್ತಿಟ್ಟುಕೊಳ್ಳುವ ಆಸೆಯಿದ್ದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಆಸ್ಟರ್ ತಳಿಗಳಿವೆ: ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಷನ್. ನಮ್ಮ ಹವೆಗೆಂದೇ ರೂಪಿಸಿದವು, ಹಾರಕ್ಕೂ ಆಗುತ್ತವೆ, ಕುಂಡಕ್ಕೂ ಆಗುತ್ತವೆ.

ಮುಂದಿನ ಪ್ರದರ್ಶನಕ್ಕೆ ವಾರದ ನಡುವಿನ ದಿನ, ಬೆಳಿಗ್ಗೆ ಬೇಗ ಹೋಗಿ. ಮೆಟ್ರೊದಲ್ಲಿ ಹೋದರೆ ಲಾಲ್‌ಬಾಗ್ ನಿಲ್ದಾಣದ ಎದುರಿಗೇ ಪಶ್ಚಿಮ ದ್ವಾರ. ಪ್ರತಿಕೃತಿಯ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ ಕುಂಡಗಳ ಸಾಲಿಗೆ ಬನ್ನಿ. ಅಲ್ಲಿ ಕೊಳವೆ ಹಿಡಿದು ನಿಂತ ಮಾಲಿಯನ್ನು ಇದನ್ನು ಯಾವಾಗ ಬಿತ್ತಿದಿರಿ ಎಂದು ಕೇಳಿ. ಫೋಟೊಗೆ ಅಡ್ಡ ಬರುತ್ತೀರಿ ಸರಿಯಿರಿ ಎನ್ನುವವರೇ ಹೆಚ್ಚಾಗಿ ಎದುರಾಗುವ ಅವರಿಗೆ ಈ ಪ್ರಶ್ನೆ ಕೇಳುವವರು ಅಪರೂಪ. ತಾರೀಖಿನ ಜೊತೆಗೆ ಗೊಬ್ಬರದ ಪಾಕವನ್ನೂ ಹೇಳಿಬಿಟ್ಟಾರು. ಹಾಗೆಯೇ ಕೈತೋಟದ ಸ್ಪರ್ಧೆಗೆ ಅರ್ಜಿ ಯಾವಾಗ ಕೊಡುತ್ತಾರೆಂದು ಅಲ್ಲೇ ಇರುವ ಉದ್ಯಾನ ಕಲಾ ಸಂಘದಲ್ಲಿ ವಿಚಾರಿಸಿಕೊಳ್ಳಿ. ನಾಲ್ಕು ಕುಂಡ ಹಿಡಿಸುವ ತಾರಸಿ ಇದ್ದರೂ ಸಾಕು. ಜನವರಿಯ ಸ್ಪರ್ಧೆಗೆ ನಿಲ್ಲುವವರು ದಸರೆಯ ಗಡಿಬಿಡಿಯಲ್ಲಿ ಬಿತ್ತನೆ ಮರೆಯಬೇಡಿ. ದೀಪಾವಳಿ ಕಳೆದ ಮೇಲೆ ಬಿತ್ತಿದ ಪೆಟೂನಿಯಾ ಶಿವರಾತ್ರಿಗೆ ಅರಳುತ್ತದೆ.