ಕಪ್ಪೆಯ ಎರಡನೆಯ ಜನ್ಮ

ದ್ವಿಜವೆಂಬ ಹೆಸರು ಸಂಸ್ಕೃತದಲ್ಲಿ ಹಕ್ಕಿಗೂ ಹಲ್ಲಿಗೂ ಸಂದಿದೆ, ಕಪ್ಪೆಗೆ ಸಂದಿಲ್ಲ. ಯೋಗ್ಯತೆಯನ್ನು ನೋಡಿದರೆ ಅದಕ್ಕೇ ಆ ಹೆಸರು ಹೆಚ್ಚು ಒಪ್ಪುತ್ತದೆ. ಗೊದಮೊಟ್ಟೆಗೂ ಕಪ್ಪೆಗೂ ಇರುವ ಅಂತರವು ಬರಿಯ ಮರಿಗೂ ತಾಯಿಗೂ ಇರುವಂಥದಲ್ಲ. ಗೊದಮೊಟ್ಟೆಯು ಕಿವಿರುಗಳಿಂದ ಉಸಿರಾಡುತ್ತ, ಬಾಲವನ್ನು ಬೀಸಿ ಈಜುತ್ತ, ಬಹುಮಟ್ಟಿಗೆ ಪಾಚಿಯನ್ನು ಕೆರೆದು ತಿನ್ನುವ ಜಲಚರ. ಕಪ್ಪೆಯಾದರೋ ಶ್ವಾಸಕೋಶವುಳ್ಳ, ಬಾಲವಿಲ್ಲದ, ಹುಳುಹುಪ್ಪಟೆಗಳನ್ನು ಹಿಡಿದು ನುಂಗುವ ಮಾಂಸಾಹಾರಿ.

ಇದನ್ನು ಬೆಳವಣಿಗೆಯೆಂದರೆ ಸಾಲದು. ಮೊದಲು ಹಿಂಗಾಲುಗಳು ಮೊಳೆಯುತ್ತವೆ. ಬಳಿಕ ಮುಂಗಾಲುಗಳು ಹೊರಬೀಳುತ್ತವೆ. ಅಲ್ಲಿಂದ ಮುಂದಿನದು ಕಟ್ಟುವ ಕೆಲಸದಷ್ಟೇ ಕೆಡಹುವ ಕೆಲಸ. ಪಾಚಿಯನ್ನು ಅರಗಿಸಲೆಂದು ಸುರುಳಿಗೊಂಡಿದ್ದ ನೀಳವಾದ ಕರುಳು ಕುಗ್ಗಿ ಮೋಟಾಗುತ್ತದೆ. ನೀರಿನಲ್ಲಿ ಅಮೋನಿಯಾ ಆಗಿ ಹೊರಹೋಗುತ್ತಿದ್ದ ಕಲ್ಮಷವು ಹೆಚ್ಚಾಗಿ ಯೂರಿಯಾ ಆಗತೊಡಗುತ್ತದೆ. ಬಾಯಿ ಮಾರ್ಪಡುವ ಆ ಕೆಲವು ದಿನ ಪ್ರಾಣಿಯು ಉಣ್ಣಲಾರದು. ಆಗ ಬಾಲವೇ ಅದರ ಬುತ್ತಿ. ಬಾಲವು ಉದುರಿಬೀಳುತ್ತದೆಂಬ ನಂಬಿಕೆ ಸರಿಯಲ್ಲ. ಅದರ ಜೀವಕೋಶಗಳು ಕಿಣ್ವಗಳಿಂದ ಕರಗಿ, ಆ ಸಾರವು ಉಳಿದ ಶರೀರಕ್ಕೆ ಸಲ್ಲುತ್ತದೆ.

ಇದಕ್ಕೆಲ್ಲ ಅಪ್ಪಣೆ ಕೊಡುವುದು ಥೈರಾಯ್ಡ್ ಗ್ರಂಥಿಯ ರಸ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಸಸ್ತನಿಗಳ ಥೈರಾಯ್ಡನ್ನು ಗೊದಮೊಟ್ಟೆಗಳಿಗೆ ತಿನ್ನಿಸಿದಾಗ ಅವು ಅಕಾಲದಲ್ಲಿಯೇ ಕಿರಿದಾದ ಕಪ್ಪೆಗಳಾಗತೊಡಗಿದವು. ಆ ಗ್ರಂಥಿಯನ್ನು ತೆಗೆದುಹಾಕಿದವು ದಪ್ಪನಾಗಿ ಬೆಳೆದರೂ ಗೊದಮೊಟ್ಟೆಗಳಾಗಿಯೇ ಉಳಿದುವೆಂದು ಮುಂದಿನ ಪ್ರಯೋಗಗಳು ತೋರಿಸಿದುವು. ಬೆಳೆಯುವುದು ಬೇರೆ, ಮಾರ್ಪಡುವುದು ಬೇರೆ ಎಂಬುದು ಹೀಗೆ ಸ್ಥಿರಪಟ್ಟಿತು.

ಮಳೆಯ ಹೊಂಡದಲ್ಲಿ ಹುಟ್ಟಿದ ಗೊದಮೊಟ್ಟೆಗೆ ಇದು ಪ್ರಾಣದ ಪ್ರಶ್ನೆ. ನೀರು ಬತ್ತುವ ಮುನ್ನ ಕಾಲು ಮೂಡಬೇಕು. ಕೆಲವು ಜಾತಿಗಳಲ್ಲಿ ಹೊಂಡ ಇಂಗತೊಡಗಿದೊಡನೆ ರೂಪಾಂತರವು ತ್ವರೆಗೊಳ್ಳುತ್ತದೆ. ಹೀಗೆ ಅವಸರದಿಂದ ದಡವೇರಿದ ಕಪ್ಪೆಯು ಗಾತ್ರದಲ್ಲಿ ಚಿಕ್ಕದು.

ನೀರಿನ ಈ ಹಂಗನ್ನು ಸಡಿಲಿಸಿಕೊಂಡ ಕಪ್ಪೆಗಳೂ ಪಶ್ಚಿಮಘಟ್ಟಗಳಲ್ಲಿ ಉಂಟು. 2014ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ, ಉತ್ತರ ಕನ್ನಡದ ಕಾಡುಹೊಳೆಗಳಲ್ಲಿ ವಾಸಿಸುವ ಕುಂಬಾರ ಕಪ್ಪೆಯಲ್ಲಿ, ನೀರಿನ ಮೇಲ್ಗಡೆ ಇಟ್ಟ ಮೊಟ್ಟೆಗಳಿಗೆ ಗಂಡೇ ಮುಂಗಾಲಿನಿಂದ ಮಣ್ಣು ಮೆತ್ತುತ್ತದೆ. ಹೆಸರಿಟ್ಟವರ ರಸಿಕತೆ ಮೆಚ್ಚತಕ್ಕದ್ದು. ಪೊದೆಗಪ್ಪೆಗಳು ಇನ್ನೂ ಮುಂದೆ ಹೋಗಿವೆ. ಅವುಗಳ ಮರಿಗಳು ಗೊದಮೊಟ್ಟೆಯ ಕಾಲವನ್ನು ಮೊಟ್ಟೆಯೊಳಗೇ ಕಳೆದು ಪುಟ್ಟ ಕಪ್ಪೆಗಳಾಗಿಯೇ ಹೊರಬರುತ್ತವೆ. ಹೊಂಡ ಬೇಡವಾದರೂ ತೇವ ಬೇಕು; ನೆರಳಿನ ಮರಗಳನ್ನು ಕಡಿದಲ್ಲಿ ಆ ಮೊಟ್ಟೆಗಳು ಒಣಗಿಹೋಗುತ್ತವೆ.