ಹೊರಗಿನ ತಂತ್ರಾಂಶಗಳ ನವೀಕರಣ

ಯುನಿಕ್ಸ್ ಪರಂಪರೆಗೆ ಸೇರಿದ ಫ್ರೀಬಿಎಸ್‌ಡಿ ಎಂಬ ಗಣಕ ಕಾರ್ಯವ್ಯವಸ್ಥೆಯಲ್ಲಿ ತಂತ್ರಾಂಶಗಳು ಎರಡು ಬಗೆಯವು. ಮೂಲವ್ಯವಸ್ಥೆಯೊಡನೆಯೇ ಬರುವವು ಒಂದು ಬಗೆ. ಅನ್ಯರು ರಚಿಸಿದ್ದು, ಬಳಸುವವನು ತನ್ನ ಅಗತ್ಯಕ್ಕೆ ತಕ್ಕಂತೆ ಅಳವಡಿಸಿಕೊಳ್ಳುವ ಪ್ಯಾಕೇಜುಗಳು ಇನ್ನೊಂದು. ಈ ಎರಡನೆಯವುಗಳ ಆರೈಕೆಯೇ ಬಹುಮಟ್ಟಿಗೆ ಮರೆತುಹೋಗುವುದು.

ಈ ಮರೆವು ಎಂತಹ ಅಪಾಯವನ್ನು ತರಬಲ್ಲದೆಂಬುದಕ್ಕೆ 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ದೋಷವೇ ನಿದರ್ಶನ. ಅಂತರಜಾಲದ ಸಂವಹನವನ್ನು ಗೂಢಲಿಪಿಗೆ ತಿರುಗಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.0.1 ಶ್ರೇಣಿಯಲ್ಲಿ ಅದು ಅಡಗಿತ್ತು. ಗುಪ್ತಪದಗಳೂ ಗೂಢಕೀಲಿಗಳೂ ಯಂತ್ರದ ಸ್ಮೃತಿಯಿಂದ ಪರರ ಕೈಗೆ ಸೋರಿಹೋಗುವಂತಾಗಿತ್ತು. ಫ್ರೀಬಿಎಸ್‌ಡಿ 9ರ ಮೂಲವ್ಯವಸ್ಥೆಯಲ್ಲಿದ್ದುದು ಹಳೆಯ 0.9.8 ಶ್ರೇಣಿ, ಅದಕ್ಕೆ ಈ ದೋಷ ತಟ್ಟಲಿಲ್ಲ. ಆದರೆ ಅದೇ ವ್ಯವಸ್ಥೆಯ ಮೇಲೆ 1.0.1 ಶ್ರೇಣಿಯನ್ನು ಪ್ಯಾಕೇಜಾಗಿ ಹಾಕಿಕೊಂಡವರು ಅಪಾಯಕ್ಕೆ ಒಡ್ಡಿಕೊಂಡಿದ್ದರು. ಮೂಲವ್ಯವಸ್ಥೆಯನ್ನು ಎಷ್ಟು ಸಲ ನವೀಕರಿಸಿದರೂ ಅವರಿಗೆ ರಕ್ಷಣೆಯಿರಲಿಲ್ಲ. ಆ ಪ್ಯಾಕೇಜನ್ನೇ ದೋಷ ತಿದ್ದಿದ 1.0.1ಜಿ ಆವೃತ್ತಿಗೆ ಏರಿಸಬೇಕಿತ್ತು.

ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಓಡುತ್ತಿರುವ ಸೇವೆಯು ಹಳೆಯ ಪ್ರತಿಯನ್ನೇ ಸ್ಮೃತಿಯಲ್ಲಿ ಹಿಡಿದಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ಬಲ್ಲವರೂ ಎಡವುವುದು ಇಲ್ಲಿಯೇ.

ಅಳವಡಿಸಿದ ಪ್ಯಾಕೇಜುಗಳನ್ನು ಪ್ರಕಟಿತ ದೋಷಗಳ ಪಟ್ಟಿಯೊಡನೆ ಹೋಲಿಸಿ ಎಚ್ಚರಿಸಲು ‘ಪಿಕೆಜಿ ಆಡಿಟ್’ ಎಂಬ ಆಜ್ಞೆಯಿದೆ. ಹೊಸ ಆವೃತ್ತಿಗಳನ್ನು ತರುವುದು ‘ಪಿಕೆಜಿ ಅಪ್‌ಗ್ರೇಡ್’. ಅದಕ್ಕೆ ಮುನ್ನ ‘ಅಪ್‌ಡೇಟಿಂಗ್’ ಎಂಬ ಕಡತವನ್ನು ಓದುವುದು ಲೇಸು. ಯಾವ ಪ್ಯಾಕೇಜಿಗೆ ಕೈಯಾರೆ ಯಾವ ಮಾರ್ಪಾಡು ಮಾಡಬೇಕೆಂಬುದು ಅದರಲ್ಲಿ ದಿನಾಂಕಸಹಿತ ದಾಖಲಾಗಿರುತ್ತದೆ.